ಹೆಸರು ಹಿಡಿದು ಕೂಗಿದ್ದು

“ಇದ ಕಟ್ಟಿ ನೋಡ್ರಿ. ನಾಗರತ್ನ ಇಲ್ಲೇ ಕುಂತು ಬುತ್ತಿ ಬಿಚ್ಚಿದ್ಲು,” ಎಂದ ಜಂಬಯ್ಯ, ಬಂಗಲೆಯ ಪಡಸಾಲೆಯ ಕಲ್ಲುಕಟ್ಟೆಯನ್ನು ಅಂಗೈಯಿಂದ ಸವರುತ್ತ. ಕಾವಲುಗಾರ ಗುಲಾಮಹುಸೇನ ಬೀಗದ ಗೊಂಚಲು ಹಿಡಿದು ಹೂಂಗುಟ್ಟಿದ. ಹಿಂದೆ ನಿಂತಿದ್ದ ದಾಕ್ಷಾಯಣಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಗುಡೇಕೋಟೆಗೆ ಮದುವೆಗೆಂದು ಬಂದವರು. ಊಟವಾದ ಮೇಲೆ ಗಂಡ ಜಂಬಯ್ಯ, “ದೊರಿ ಬಂಗ್ಲೆ ನೋಡ್ಕೊಂಡು ಬರಾನ, ನಡಿ,” ಅಂದಾಗ ಆಕೆಗೆ ಒಳಗೊಳಗೇ ಹಿಗ್ಗಾಗಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹಾಗೆ ಕರೆದದ್ದೇ ಇಲ್ಲ. ಹಡಗಲಿಯಿಂದ ಮುಡಿದು ಬಂದ ಮಲ್ಲಿಗೆ ಬಾಡಿತ್ತಾದರೂ ಸರಿಮಾಡಿಕೊಂಡು ಹೊರಟಿದ್ದಳು. ಇಲ್ಲಿ ಬಂದು ನೋಡಿದರೆ ಹೊಸ್ತಿಲಿನಿಂದಲೇ ನಾಗರತ್ನ. ನಾಗರತ್ನ ಈ ಕಂಬ ತಬ್ಬಿ ನೋಡಿದ್ದು, ಮರದ ಮೆಟ್ಟಿಲು ಕಿರ್ರೆಂದಾಗ ನಕ್ಕಿದ್ದು, ಮೇಲಿನ ಕಿಟಕಿಯಿಂದ ತೋಪು ನೋಡುತ್ತ ನಿಂತದ್ದು. ನಾಗರತ್ನ ಅವನ ಮೊದಲ ಹೆಂಡತಿ. ಮದುವೆಯಾದ ಮರುವರ್ಷವೇ ಜ್ವರದಲ್ಲಿ ತೀರಿಕೊಂಡವಳು.

ಅವರ ಮನೆತನದಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. “ಲೇ” ಅನ್ನಬೇಕು, ಇಲ್ಲ “ಕೇಳಿತೇನು” ಅನ್ನಬೇಕು. ಮದುವೆಯಲ್ಲಿ ಹೆಸರು ಹೇಳಿಸುವ ಶಾಸ್ತ್ರವನ್ನೂ, ಎರಡನೆಯ ಸಂಬಂಧ ಅಂತ, ಯಾರೂ ಒತ್ತಾಯ ಮಾಡದೆ ಮುಗಿಸಿಬಿಟ್ಟಿದ್ದರು. ದಾಕ್ಷಾಯಣಿ ಎಂಬ ಹೆಸರು ಜಂಬಯ್ಯನ ಬಾಯಿಂದ ಒಮ್ಮೆಯೂ ಬಿದ್ದಿರಲಿಲ್ಲ. ಸತ್ತವಳಿಗೆ ಮಾತ್ರ ಆ ಕಟ್ಟುಪಾಡಿಲ್ಲ.

“ಹಂಗಾರ ಅಮ್ಮಾರು ಮೊದ್ಲ ನೋಡ್ಯಾರನ್ನಿ,” ಎಂದು ಗುಲಾಮಹುಸೇನ ಆಕೆಯತ್ತ ತಿರುಗಿ ನಕ್ಕ. “ನಾಗರತ್ನಮ್ಮಾರ, ಹಿಂದಿನ ತ್ವಾಪು ಈಗ ಭಾಳ ಬೆಳದೈತ್ರಿ. ನೇರಳಿ ಗಿಡ ದಾಟಿ ಹೋಗಬ್ಯಾಡ್ರಿ. ಹೊತ್ತು ಇಳೀತಂದ್ರ ಕರಡಿ ಬರತಾವ.”

ಆಕೆ ಗಂಡನ ಮುಖ ನೋಡಿದಳು. ಇಕಿ ಆಕಿ ಅಲ್ಲ ಎಂಬ ಒಂದೇ ಮಾತು ಸಾಕಿತ್ತು. ಜಂಬಯ್ಯ ಮೇಲಿನ ತೊಲೆಗಳನ್ನು ನೋಡುತ್ತ ನಿಂತಿದ್ದ.

ದಾಕ್ಷಾಯಣಮ್ಮ ಹಿತ್ತಲ ಬಾಗಿಲಿನಿಂದ ಇಳಿದು ತೋಪಿಗೆ ನಡೆದಳು. ಬೇವು, ಹೊಂಗೆ, ಸೀತಾಫಲದ ಪೊದೆ. ನೇರಳೆ ಮರವನ್ನೂ ದಾಟಿ, ಒಂದು ಮುದಿ ಹುಣಸೆಯ ಬುಡಕ್ಕೆ ಬೆನ್ನು ಕೊಟ್ಟು ಕೂತಳು. ಹುಡುಕಲಿ. ಇಷ್ಟು ದೊಡ್ಡ ತೋಪಿನಲ್ಲಿ “ಲೇ” ಅಂದರೆ ಯಾರು ಓಗೊಡಬೇಕು? ಹೆಸರು ಹಿಡಿಯಲೇಬೇಕು.

ಬಹಳ ಹೊತ್ತಾದ ಮೇಲೆ ದನಿ ಬಂತು. “ಲೇ. ಎಲ್ಲದೀ?”

ಆಕೆ ಅಲುಗಲಿಲ್ಲ.

“ಲೇ, ಕೇಳಿತಿಲ್ಲೇನು? ಹೊತ್ತು ಮುಳುಗಾಕ ಬಂತು.” ಒಣಗಿದ ಎಲೆ ತುಳಿಯುತ್ತ ಅವನು ಅತ್ತಿತ್ತ ಓಡಾಡುವುದು ಕೇಳಿಸಿತು. ದನಿಯಲ್ಲಿ ದಿಗಿಲು ಸೇರಿತ್ತು. ಆ ದಿಗಿಲು ತನ್ನದೇ ಸಲುವಾಗಿ ಎಂದು ಆಕೆಗೆ ಹಿತವಾಯಿತು.

“ಹೆಸರು ಹಿಡದು ಕೂಗ್ರಿ ಯಜಮಾನ್ರ,” ಎಂದ ಗುಲಾಮಹುಸೇನ. “ಈ ವಯಸ್ಸಿನ್ಯಾಗ ಏನ ನಾಚ್ಕಿ? ಕರಡಿ ಏನು ಊರಾಗ ಹೋಗಿ ಹೇಳತೈತೇನು?”

ದಾಕ್ಷಾಯಣಮ್ಮ ಕಿವಿಗೊಟ್ಟಳು. ಜಂಬಯ್ಯ ಗಂಟಲು ಸರಿಮಾಡಿಕೊಂಡ. “ದಾ…” ಎಂದನೋ ಏನೋ, ಅಷ್ಟಕ್ಕೇ ನಿಂತಿತು. ಕಾವಲುಗಾರನಿಗೆ ತಾಳ್ಮೆ ಸಾಲದೆ, “ನಾಗರತ್ನಮ್ಮಾರೇ,” ಎಂದು ತಾನೇ ಕೂಗು ಹಾಕಿದ. ಅದರ ಬೆನ್ನಿಗೇ, ಕೆರೆಯ ಏರಿ ಒಡೆದಂತೆ, ಜಂಬಯ್ಯನ ದನಿ: “ನಾಗರತ್ನಾ… ನಾಗರತ್ನಾ…” ಗುಡ್ಡದ ಬಂಡೆಗಳೂ ಅದೇ ಹೆಸರನ್ನು ತಿರುಗಿ ಕೂಗಿದವು.

ದಾಕ್ಷಾಯಣಮ್ಮ ಎದ್ದು ಸೀರೆಗೆ ಹತ್ತಿದ ತರಗೆಲೆ ಕೊಡವಿಕೊಂಡಳು. ಮರದ ಮರೆಯಿಂದ ಈಚೆ ಬಂದು, ಏದುಸಿರು ಬಿಡುತ್ತ ನಿಂತಿದ್ದ ಗಂಡನಿಗೆ ಮೆಲ್ಲಗೆ ಹೇಳಿದಳು:

“ಆಕಿ ಬರಂಗಿಲ್ರಿ. ನಾ ಬರ್ಲೇನು?”