ಜಲಜಾಕ್ಷಿಯಮ್ಮನ ಡಬ್ಬಿ

ಸಂಪ್ರೀತಾ ಬಾಗಿಲು ತೆರೆದಾಗ ಎದುರಿಗೆ ಇಬ್ಬರು ಪೊಲೀಸರಿದ್ದರು. ಅವರ ಹಿಂದೆ ಪಕ್ಕದ ಮನೆಯ ವಿಲ್ಲೆಮ್, ಬಡಾವಣೆಯ ಕಾವಲುಪಡೆಯ ಕಿತ್ತಳೆ ಜಾಕೆಟ್ ತೊಟ್ಟು ಮದುಮಗನ ಹಾಗೆ ಮಿಂಚುತ್ತಿದ್ದ.

ನೆದರ್ಲೆಂಡ್ಸ್‌ನ ರೈಸ್‌ವೈಕ್‌ನಲ್ಲಿ ಒಂದೇ ವಾರದಲ್ಲಿ ಮೂರು ಸ್ಪೀಡ್ ಕ್ಯಾಮೆರಾಗಳು ಢಂ ಎಂದು ಹಾರಿಹೋಗಿದ್ದವು. ಪತ್ರಿಕೆಗಳು ಭಯೋತ್ಪಾದಕನ ಕೆಲಸ ಎಂದವು. ಜನ ಒಳಗೊಳಗೇ ಖುಷಿಪಟ್ಟರು. ಅತಿವೇಗಕ್ಕೆ ದಂಡ ಕಟ್ಟದವರು ಯಾರಿದ್ದಾರೆ? ಬಾಂಬರ್‌ನನ್ನು ಹುಡುಕುವ ವಿಲ್ಲೆಮ್‌ನ ಉತ್ಸಾಹಕ್ಕಂತೂ ಎಣೆಯಿರಲಿಲ್ಲ. ಸ್ಫೋಟವಾದಲ್ಲೆಲ್ಲ ಪೊಲೀಸರಿಗಿಂತ ಮೊದಲೇ ಅವನ ಸೈಕಲ್ ನಿಂತಿರುತ್ತಿತ್ತು.

ಪೊಲೀಸ್ ಒಂದು ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದ. ಒಳಗೆ ಸೊಟ್ಟಗಾದ ಸ್ಟೀಲ್ ಮುಚ್ಚಳ.

"ಬಾಂಬ್ ಇಟ್ಟಿದ್ದ ಡಬ್ಬಿಯದು. ಇಂಥದೇ ಅಕ್ಷರ ನಿಮ್ಮ ಬಾಗಿಲ ಮೇಲೂ ಇದೆ ಅಂತ ವಿಲ್ಲೆಮ್ ಹೇಳಿದರು. ಏನು ಬರೆದಿದೆ?"

ಕನ್ನಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು: ಜಲಜಾಕ್ಷಿ, ಉಡುಪಿ. ಸಾಕ್ಷಾತ್ ಅತ್ತೆ! ಮುಂದಿನ ವಾರ ಗಂಡ ಯತಿರಾಜನಿಗೆ ಡಚ್ ಪೌರತ್ವ ಸಿಗಬೇಕಿತ್ತು. ಇನ್ನು ಸಿಕ್ಕ ಹಾಗೆಯೇ.

"ಅದು... ಬಹಳ ಹಳೇ ಲಿಪಿ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆಯೇ ಬಂದರು. "ಇಲ್ಲಿ ಅಕ್ಕಪಕ್ಕದೋರಿಗೆಲ್ಲ ತಿಂಡಿ ಹಂಚೋಕೆ ಹೋಗ್ಬೇಡಿ ಅತ್ತೆ" ಎಂದು ಸೊಸೆ ಅವರ ಕೈ ಕಟ್ಟಿಹಾಕಿದ್ದಳು. ಈಚೆಗಂತೂ ಅವರು ಯಾರಿಗೂ ಏನೂ ಹೇಳದೆ ಬೇಲಿಯ ಬಳಿ ಸುಳಿದಾಡುತ್ತಿದ್ದರು.

ಚೀಲ ನೋಡಿದ್ದೇ ಜಲಜಾಕ್ಷಿಯಮ್ಮನ ಮುಖ ಅರಳಿತು.

"ಅಯ್ಯೋ ದೇವರೇ, ನನ್ನ ಡಬ್ಬಿ! ನನ್ನದೇ ಮಾರಾಯ್ತಿ!" ಎಂದು ಎದೆ ತಟ್ಟಿಕೊಂಡರು.

ಅನುವಾದ ಬೇಕಾಗಲಿಲ್ಲ. ಒಬ್ಬ ಪೊಲೀಸ್ ಕೈಕೋಳ ತೆಗೆದ. ವಿಲ್ಲೆಮ್ ಫೋನ್ ಎತ್ತಿ ವೀಡಿಯೊ ಶುರುಮಾಡಿದ.

ಅತ್ತೆ ಕೋಳದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪೊಲೀಸರಿಬ್ಬರನ್ನೂ ಬದಿಗೆ ಸರಿಸಿ, ವಿಲ್ಲೆಮ್‌ನ ಮೂಗಿನ ಕೆಳಗೆ ಬೆರಳಾಡಿಸುತ್ತಾ ತುಳುವಿನಲ್ಲಿ ಗದರಿದರು. ವೀಡಿಯೊ ನಿಂತಿತು. ಸಂಪ್ರೀತಾಳಿಗೆ ತಡೆಯಲಾರದಷ್ಟು ನಗು ಬಂತು.

"ಏನಂತೆ?" ಎಂದ ಪೊಲೀಸ್.

"ಬೇಲಿ ಮೇಲಿಂದ ಕೊಟ್ಟ ಚಕ್ಕುಲಿ ಎಲ್ಲ ತಿಂದು ಮುಗಿಸಿದ ಮೇಲೆ ಡಬ್ಬಿ ಯಾಕೆ ವಾಪಸ್ ಕೊಡ್ಲಿಲ್ಲ ಅಂತ ವಿಲ್ಲೆಮ್‌ನ ಕೇಳ್ತಿದಾರೆ."