ಹಿಂದಿನವರ ಕೋಟು

ದೇಶದ ಮುಖ್ಯ ನ್ಯಾಯಮೂರ್ತಿಗೆ ಇರುವುದು ಒಂದೇ ಕರಿ ಕೋಟು. ಹಿಂದೆ ಆ ಕುರ್ಚಿಯಲ್ಲಿ ಕೂತವರೆಲ್ಲ ಅದನ್ನೇ ತೊಟ್ಟವರು, ತೊಟ್ಟವರೆಲ್ಲ ಅದರೊಳಗೇ ಉಳಿದವರು. ಹಾಗಾಗಿ ಪದವಿ ಬಂದಾಗಿನಿಂದ ಚಂಪಾವತಿ ನಾಡಗೌಡರಿಗೆ ತಮ್ಮ ನಾಲಿಗೆಯೂ ತಮ್ಮದಾಗಿರಲಿಲ್ಲ.

“ಚಹಾ ತರ್ಲೇನ್ರೀ ಅಮ್ಮಾರ?” ಎಂದ ಜಮಾದಾರ ಲಾಲಸಾಬ.

“ಹೂಂ. ಬ್ಯಾಡ, ಕಾಫಿ. ಸಕ್ರಿ ಹಾಕಬ್ಯಾಡ. ಏ, ಎರಡು ಚಮಚ ಹಾಕು!”

“ಇವತ್ತು ಕೋಟಿನ್ಯಾಗಿನ ಹಿರೇರು ಭಾಳ ಜೋರದಾರ ಬಿಡ್ರಿ,” ಎಂದು ಅವನು ನಕ್ಕ.

ಚಂಪಾವತಿ ನಗಲಿಲ್ಲ. ಮೇಜಿನ ಮೇಲೆ ಒಬ್ಬ ನೇಕಾರನ ಗಲ್ಲುಶಿಕ್ಷೆಯ ಮೇಲ್ಮನವಿ ಇತ್ತು, ಮಧ್ಯಾಹ್ನವೇ ತೀರ್ಪು ಕೊಡಬೇಕಿತ್ತು. ‘ಗಲ್ಲಾಗಲಿ’ ಎಂದಿತು ಎಡತೋಳು. ‘ಬಿಟ್ಟುಬಿಡು ತಂಗಿ’ ಎಂದಿತು ಬಲತೋಳು. ಕಾಲರು ಯಾವುದೋ ಹಳೆಯ ತೀರ್ಪನ್ನು ಒದರತೊಡಗಿತು. ಒಬ್ಬರಿಗೂ ಅನುಮಾನವೆಂಬುದೇ ಇರಲಿಲ್ಲ.

“ಹಿಡಿ ಇದನ್ನ,” ಎಂದು ಕೋಟು ಬಿಚ್ಚಿ ಕೊಟ್ಟರು.

“ಅಯ್ಯ, ಬಿಚ್ಚೂ ಪದ್ಧತಿ ಇಲ್ರೀ!”

ಒಳಗೆಲ್ಲ ಸದ್ದಡಗಿತು. ಸಾಕ್ಷಿಗಳ ಹೇಳಿಕೆಯನ್ನು ಮತ್ತೆ ಓದಿದರು. ನೇಕಾರನೇ ಕೊಂದನೋ ಇಲ್ಲವೋ, ತಿಳಿಯಲೇ ಇಲ್ಲ. ಈ ಸಂಶಯ ಮಾತ್ರ ಪೂರಾ ತಮ್ಮದು. ಸಂಶಯವಿದ್ದಲ್ಲಿ ನೇಣಿಲ್ಲ ಎಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ.

ಸೀರೆಯ ಸೆರಗು ಸರಿಮಾಡಿಕೊಂಡು ಪೀಠದತ್ತ ಹೊರಟರು.

“ಬಂದು ಚಹಾ ಕುಡೀತೀನಿ, ಲಾಲಸಾಬ. ನನಗ ಸಕ್ರಿ ಎಷ್ಟು ಬೇಕಂತ ಇನ್ನೂ ಗೊತ್ತಾಗಿಲ್ಲ.”