ಕನ್ನಡಿಯ ಹಿಂದಿನ ಉಯಿಲು

ಮಂಗಳಗ್ರಹದಿಂದ ಆಡಿದ ಮಾತು ಗದಗ ಮುಟ್ಟಲು ಇಪ್ಪತ್ತು ನಿಮಿಷ, ಉತ್ತರ ಬರಲು ಇನ್ನಿಪ್ಪತ್ತು. ಅಲ್ಲಿನ ಗಣಿಯಲ್ಲಿ ವೆಲ್ಡಿಂಗ್ ಮಾಡುವ ಸುಮಿತ್ರಾ ಹಡಪದಳಿಗೆ ಇದು ರೂಢಿಯಾಗಿತ್ತು. ಆದರೆ ಊರಿನ ವಕೀಲರಿಗೆ ಅಷ್ಟು ಪುರುಸೊತ್ತೆಲ್ಲಿ?

ಅಪ್ಪನ ಕ್ಷೌರದಂಗಡಿಯನ್ನು ಅಣ್ಣ ಮುತ್ತಪ್ಪ ಒಬ್ಬನೇ ತನ್ನ ಹೆಸರಿಗೆ ಮಾಡಿಕೊಂಡಿದ್ದ. ಅವನ ಮೇಲೆ ಕೇಸು ಹಾಕಲು ಸುಮಿತ್ರಾ ಆರು ಜನ ವಕೀಲರಿಗೆ ಫೋನು ಮಾಡಿ, "ಒಂದು ಕೇಸಿತ್ತು, ಹೇಳಲೇನ್ರಿ?" ಎಂದು ಮರ್ಯಾದೆಯಿಂದ ಕೇಳಿ ಕಾದಿದ್ದಳು. ಆರೂ ಜನ "ಹೇಳ್ರಿ" ಅಂದು, ಎರಡು ಸಲ "ಹಲೋ, ಹಲೋ" ಅಂದು ಫೋನಿಟ್ಟಿದ್ದರು.

ಏಳನೆಯವರು ಇಟಗಿ ವಕೀಲರು. ರೋಸಿಹೋಗಿದ್ದ ಸುಮಿತ್ರಾ ಈ ಸಲ ಏನನ್ನೂ ಕೇಳಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅಂಗಡಿಯಲ್ಲಿ ತನಗೂ ಅರ್ಧ ಪಾಲೆಂದು ಅಪ್ಪ ಉಯಿಲು ಬರೆದದ್ದು, ಅದನ್ನು ಅಂಗಡಿಯ ದೊಡ್ಡ ಕನ್ನಡಿಯ ಹಿಂದೆ ಸಿಕ್ಕಿಸಿಟ್ಟದ್ದು, ಅದು ಅಣ್ಣನಿಗೆ ಗೊತ್ತಿಲ್ಲದ್ದು, ಬೇರೆ ಪ್ರತಿ ಇಲ್ಲದ್ದು.

ನಲವತ್ತು ನಿಮಿಷದ ಮೇಲೆ ವಕೀಲರ ದನಿ ಬಂತು.

"ತಂಗಿ, ನಡುವ ಬಾಯಿ ಹಾಕಿ ನಿನ್ನ ನಿಲ್ಲಸೋದು ಹೆಂಗ, ಹೇಳು. ನಾ ನಿಮ್ಮಣ್ಣನ ವಕೀಲ ಇದ್ದೀನಿ. ಫೋನು ಸ್ಪೀಕರ್‌ನ್ಯಾಗಿತ್ತು, ಅಂವಾ ಇಲ್ಲೇ ನನ್ನ ಮುಂದ ಕುಂತಿದ್ದ. ಈಗಷ್ಟ ಎದ್ದು ಅಂಗಡಿಗೆ ಹೋದ ನೋಡು."

ಸುಮಿತ್ರಾ ಗಡಿಯಾರ ನೋಡಿದಳು. ವಕೀಲರ ಕಚೇರಿಯಿಂದ ಅಂಗಡಿಗೆ ಐದು ನಿಮಿಷದ ದಾರಿ. ಅವರು ಹೇಳಿದ 'ಈಗ' ಮುಗಿದು ಇಪ್ಪತ್ತು ನಿಮಿಷವಾಗಿತ್ತು.